ಮೇದಿನಿ ಬಳೆ ತೆಗೆದ ವಾರ

ಜನವರಿ 9, ಗುರುವಾರ

ಏಳೂವರೆಗೆ ಅತ್ತೆ ಟಿ.ವಿ. ಮುಂದೆ ಹಾಜರ್. ರೊಟ್ಟಿ ಬಡಿಯುವುದು ನಿಲ್ಲಬೇಕು — ಸಪ್ಪಳಕ್ಕೆ ಮೇದಿನಿಯ ಮಾತು ಕೇಳಿಸುವುದಿಲ್ಲವಂತೆ. ಮೇದಿನಿ ಧಾರಾವಾಹಿಯವಳು. ಗಂಡ ಸತ್ತ ಮೇಲೆ ಎಣ್ಣೆ ಗಿರಣಿಯನ್ನು ತಾನೇ ನಡೆಸುತ್ತಾಳೆ. ಇವತ್ತು ಹಸಿರು ಬಳೆ ತೊಟ್ಟು ಗಿರಣಿಗೆ ಬಂದಳು. ಮೈದುನ ಹಾರಾಡಿದ. "ಕೈ ನನ್ನದು, ಬಳೆಯೂ ನನ್ನವೇ" ಅಂದಳು, ಅಷ್ಟೇ. ಅಳಲಿಲ್ಲ, ಕಿರುಚಲಿಲ್ಲ. ಏನು ಹೆಣ್ಣು! ಮೈ ಜುಮ್ಮೆಂದಿತು.

ಅತ್ತೆ ಚಪ್ಪಾಳೆಯನ್ನೇ ತಟ್ಟಿದರು. "ಏ ಸೌಭಾಗ್ಯಾ, ಹೆಣ್ಮಗಳಂದ್ರ ಹಿಂಗಿರಬೇಕು ನೋಡು!"

ಆಮೇಲೆ ನನ್ನ ಬರಿಗೈ ನೋಡಿದರು, ತಮ್ಮದನ್ನೂ ನೋಡಿಕೊಂಡರು. ಮಾವ ಹೋಗಿ ಮೂವತ್ತು ವರ್ಷ. ನಮ್ಮವರು ಹೋಗಿ ಆರು.

ಜ. 13, ಸೋಮವಾರ

ಕಕ್ಕೇರಾದಿಂದ ಬೀಗತಿ ಮಲ್ಲಿಕಮ್ಮನ ಫೋನು. ನನ್ನ ಮಗಳು ರಂಜುಗೆ ಏಳು ತಿಂಗಳು ತುಂಬುತ್ತದೆ, ಫೆಬ್ರುವರಿ ಎರಡಕ್ಕೆ ಸೀಮಂತದ ಕುಬುಸ ಮಾಡೋಣ ಅಂದರು. ಕುಣಿಯುವಷ್ಟು ಖುಷಿ. ಆಮೇಲೆ ದನಿ ತಗ್ಗಿಸಿ — "ಉಡಿ ತುಂಬಾಕ ಐದು ಮಂದಿ ಮುತ್ತೈದೇರಿಗೆ ಹೇಳೀನ್ರಿ. ನೀವೇನ್ ಚಿಂತಿ ಮಾಡಬ್ಯಾಡ್ರಿ."

ಚಿಂತೆ! ಹಡೆದವಳು ನಾನು. ಮಗಳ ಮಡಿಲಿಗೆ ಒಂದು ಹಿಡಿ ಅಕ್ಕಿ ಹಾಕುವ ಹಾಗಿಲ್ಲ. ಗೊತ್ತಿದ್ದದ್ದೇ.

ಅತ್ತೆಗೆ ಹೇಳಿದೆ. ಮೇದಿನಿಯ ಹೆಸರನ್ನೂ ತೆಗೆದೆ.

"ಅದು ಟಿವ್ಯಾಗಿನ ಮಾತವ್ವ. ನಾವು ಮಂದ್ಯಾಗ ಇರಬೇಕು."

ಮುಗಿಯಿತು.

ಜ. 17, ಶುಕ್ರವಾರ

ಅಂಗನವಾಡಿಯಲ್ಲಿ ಸೀಮಂತ ಕಾರ್ಯಕ್ರಮ. ಮೇಲಿನಿಂದ ಆದೇಶ — ಬಸುರಿಯರಿಗೆ ಉಡಿ ತುಂಬಿ ಫೋಟೊ ಕಳಿಸಬೇಕು. ಟೀಚರ್ ಅಂದರೆ ನಾನೇ. ಹನುಮಮ್ಮನಿಗೆ ತುಂಬಿದೆ — ಅಕ್ಕಿ, ಕೊಬ್ಬರಿ, ಉತ್ತತ್ತಿ. ಹಿಂದೆ ಪಕ್ಕದ ಮನೆಯ ಆಮೀನಾಗೂ ನಾನೇ ತುಂಬಿದ್ದು. ಅವಳ ಅತ್ತೆ ಕೂಡ ಚಕಾರವೆತ್ತಲಿಲ್ಲ. ಓಣಿಗೆಲ್ಲ ನನ್ನ ಕೈ ನಡೆಯುತ್ತದೆ — ಸರ್ಕಾರಿ ಕೈ! ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಮಾತ್ರ ಆಗಿಬರುವುದಿಲ್ಲ.

ಫೋಟೊವನ್ನು ಅತ್ತೆಗೆ ತೋರಿಸಿದೆ. ಬೇಕೆಂದೇ. ಮೊಬೈಲು ಹಿಡಿದು ಬಹಳ ಹೊತ್ತು ನೋಡಿದರು.

"ಆಕಿ ಸೆರಗು ಸರಿ ಒಡ್ಡಿಲ್ಲ" ಅಂದರು.

ಜ. 20, ಸೋಮವಾರ

ಗಿರಣಿಗಾಗಿ ಮೇದಿನಿಯ ಮೇಲೆ ಮೈದುನ ಕೇಸು ಹಾಕಿದ್ದಾನೆ. ಅತ್ತೆ ಬೆಳಿಗ್ಗೆ ಎದ್ದು, ಶಹಾಪುರದಿಂದ ಬಸ್ಸು ಹತ್ತಿ, ಅಬ್ಬೆತುಮಕೂರಿನ ಮಠದಲ್ಲಿ ಕಾಯಿ ಒಡೆಸಿ ಬಂದರು. ಮೇದಿನಿ ಕೇಸು ಗೆಲ್ಲಲಿ ಅಂತ!

"ಅತ್ತೀ, ಆಕಿ ಖರೇ ಮನಿಷಾಳಲ್ರಿ."

"ನಿನಗೇನ್ ಗೊತ್ತು? ಆಕಿಗೆ ಯಾರದಾರ ಹರಕಿ ಹೊರಾಕ?"

ನಕ್ಕು ನಕ್ಕು ಸಾಕಾಯಿತು. ಆಮೇಲೆ ಯಾಕೋ ಅಳು ಬಂತು.

ಜ. 30, ಗುರುವಾರ

ಇಷ್ಟು ದಿನ ಬರೆಯಲು ಬಿಡುವಿಲ್ಲ. ಹಸಿರು ಸೀರೆ ತಂದದ್ದು, ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ... ಎಲ್ಲ ನಾನು ಮಾಡಬಹುದು. ಉಡಿ ಒಂದು ಬಿಟ್ಟು.

ಇವತ್ತು ಮೇದಿನಿ ಕೇಸು ಗೆದ್ದಳು. ಗೆದ್ದು ಮನೆಗೆ ಬಂದು ಬಳೆ ತೆಗೆದಿಟ್ಟು, ಮೈದುನನ ಕಾಲಿಗೆ ಬಿದ್ದಳು! "ನನ್ನಿಂದ ಮನೆತನ ಒಡೆಯುವುದು ಬೇಡ" ಅಂತೆ. ಹಿನ್ನೆಲೆಯಲ್ಲಿ ಕೊಳಲು ಬೇರೆ. ಕಪಾಳಕ್ಕೆ ಹೊಡೆದ ಹಾಗಾಯಿತು. ಬರೆಯುವವನು ಯಾವನೋ ಮೈದುನನೇ ಇರಬೇಕು.

ಅತ್ತೆ ನಡುವೆಯೇ ಟಿ.ವಿ. ಆರಿಸಿದರು. ಎಂದೂ ಹಾಗೆ ಮಾಡಿದವರಲ್ಲ.

"ಗೆದ್ದಾಕಿ ಯಾಕ ಕಾಲಿಗೆ ಬಿದ್ಲು?"

ಕೇಳಿದ್ದು ನನ್ನನ್ನಲ್ಲ, ಗೋಡೆಯನ್ನು. ಊಟ ಮಾಡದೆ ಮಲಗಿದರು.

ಫೆ. 3, ಸೋಮವಾರ. ಸಂಜೆ ಏಳು ದಾಟಿದೆ

ನಿನ್ನೆಯದನ್ನು ಬರೆದಿಡಬೇಕು. ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಕಕ್ಕೇರಾದ ಮನೆ ತುಂಬ ಜನ. ರಂಜು ಹಸಿರು ಸೀರೆಯುಟ್ಟು ಮಣೆಯ ಮೇಲೆ. ಅತ್ತೆ, ನಾನು ಯಾವಾಗಿನಂತೆ ಅಡುಗೆಮನೆ ಬಾಗಿಲ ಹಿಂದೆ. "ಮೊದಲ ಯಾರು ತುಂಬತೀರಿ, ಬರ್ರಿ" ಅಂದರು ಮಲ್ಲಿಕಮ್ಮ. ಒಬ್ಬಾಕೆ ಎದ್ದಳು. ಅಷ್ಟರಲ್ಲಿ ನನ್ನ ತೋಳು ಯಾರೋ ಹಿಡಿದರು. ಅತ್ತೆ! ಎಳೆದುಕೊಂಡೇ ನಡುಮನೆಗೆ ನಡೆದರು. ಮಾವ ಹೋದಂದಿನಿಂದ ಇಂಥ ಕಾರ್ಯದಲ್ಲಿ ಆ ಹೊಸ್ತಿಲು ದಾಟಿದವರಲ್ಲ.

"ಮೊದಲ ಹಡೆದಾಕಿ ತುಂಬತಾಳ."

ಮಲ್ಲಿಕಮ್ಮನ ಮುಖ ಬಿಳಿಚಿತು. "ಅಯ್ಯ, ಹೆಂಗ್ರಿ ಯವ್ವಾ... ಕೂಸಿಗೆ ಏನರೆ ಆದ್ರ?"

"ನಮ್ಮ ಓಣ್ಯಾಗಿನ ಬಸುರೇರಿಗೆಲ್ಲ ಈಕೀನ ತುಂಬ್ಯಾಳ. ಆಮೀನಾನ ಕೂಸು ನಮ್ಮ ಅಂಗಳದಾಗ ಆಡಾಕತ್ತದ. ಬಂದು ನೋಡ್ರಿ."

ರಂಜು ತಾನೇ ಸೆರಗೊಡ್ಡಿದಳು. "ಹಾಕವ್ವ."

ಹಾಕಿದೆ. ಅವಸರದಲ್ಲಿ ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಅತ್ತೆ ಬಗ್ಗಿ, ಚೆಲ್ಲಿದ್ದನ್ನು ಬಳಿದು, ತಾವೂ ಒಂದು ಹಿಡಿ ಹಾಕಿದರು.

ಮಲ್ಲಿಕಮ್ಮ ಊಟದವರೆಗೂ ಮುಖ ಗಂಟಿಕ್ಕಿಕೊಂಡೇ ಓಡಾಡಿದರು. ಆದರೆ ಹೋಳಿಗೆಯನ್ನು ನನಗೇ ಮೊದಲು ಬಡಿಸಿದರು. ರಂಜುವನ್ನು ಜೊತೆಯಲ್ಲೇ ಕರೆತಂದೆವು.

ಮೇದಿನಿಯ ಮೇಲಿನ ಸಿಟ್ಟು ಇಳಿದಿದೆ. ಆಕೆ ಬಳೆ ತೆಗೆದಿಟ್ಟರೂ, ತೊಟ್ಟದ್ದನ್ನು ಅತ್ತೆ ಮರೆಯಲಿಲ್ಲ. ಅತ್ತೆಗೆ ಇದನ್ನು ಹೇಳಬೇಕು. ಹೇಳಿದರೆ ಬೈಯುತ್ತಾರೆ...

ಕೂಗುತ್ತಿದ್ದಾರೆ. "ಏ ಸೌಭಾಗ್ಯಾ, ರಂಜೂ, ಟಿವಿ ಹಚ್ಚರಿ! ಆಕಿಗೆ ಇವತ್ತರೆ ಬುದ್ಧಿ ಬಂದದೇನ ನೋಡೂಣು!"

ರೊಟ್ಟಿ ಆಮೇಲೆ ಬಡಿದರಾಯಿತು. ಹೋಗಿ ಅತ್ತೆಯ ಪಕ್ಕ —