ಎರ್ರಮ್ಮನ ಹೆಸರಿಗೆ ಊದಿದವಳು

ರಾಯದುರ್ಗ
೧೮ ಆಗಸ್ಟ್ ೨೦೧೯

ಪ್ರೀತಿಯ ಮಮತಾ ಅಕ್ಕನಿಗೆ,

ಹಾಗಂತ ನಿಮ್ಮ ಲೆಕ್ಕ ಸುಳ್ಳು ಅಂತ ನಾನು ಹೇಳುತ್ತಿಲ್ಲ ಅಕ್ಕ. ಲೆಕ್ಕ ಸರಿಯೇ ಇದೆ. ಉಸಿರು ಮಾತ್ರ ಬೇರೆಯವರದ್ದು.

ನೋಡಿ, ನಮಸ್ಕಾರ ಹೇಳುವುದನ್ನೇ ಮರೆತೆ. ನಿಮ್ಮ ಮೆಸೇಜ್ ಓದಿ ತಿಂಗಳಾಯಿತು. ನೀಲಿ ಟಿಕ್ ಬಿದ್ದರೂ ಹೇಮಾ ಉತ್ತರ ಕೊಡಲಿಲ್ಲ ಅಂತ ಬೇಜಾರಾಗಬೇಡಿ. ನಮ್ಮ ಮನೆಯ ಫೋನು ಇಡೀ ಓಣಿಯ ಫೋನು. ಅದರಲ್ಲಿ ಬರೆದದ್ದು ಸಂಜೆಯೊಳಗೆ ಹೊಲಿಗೆ ಕೆಲಸ ಹಂಚುವ ಮೇಸ್ತ್ರಿ ಹೊನ್ನೂರಪ್ಪನ ಕಿವಿಗೆ ಬೀಳುತ್ತದೆ. ಅದಕ್ಕೇ ಈ ಕಾಗದ.

ನಿಮ್ಮ ಭಾಷಣದ ವಿಡಿಯೋ ಬಂದ ದಿನ ಕುಣಿದುಬಿಟ್ಟೆ. ಇರೋಬರೋ ಗ್ರೂಪಿಗೆಲ್ಲ ಕಳಿಸಿದೆ. ಬಡವರ ಆಯಸ್ಸು ಯಾಕೆ ಕಡಿಮೆ, ಹೆಂಗಸಿನ ಕೈಗೆ ದುಡಿಮೆ ಬಂದರೆ ಮನೆಯ ಆರೋಗ್ಯ ಹೇಗೆ ಬದಲಾಗುತ್ತದೆ ಅಂತ ನೀವು ಹೇಳುವಾಗ ಹಿಂದಿನ ಪರದೆಯ ಮೇಲೆ ನಮ್ಮೂರಿನ ಹೆಸರು! ಜೀನ್ಸ್ ಹೊಲಿಯುವ ರಾಯದುರ್ಗದ ಹೆಂಗಸರ ಉಸಿರು, ಮಡಕಶಿರಾ ಕಡೆ ಹೊಲದಲ್ಲಿ ದುಡಿಯುವವರ ಉಸಿರಿನಷ್ಟೇ ಗಟ್ಟಿ ಅಂತ ಗೆರೆ ಎಳೆದು ತೋರಿಸಿದಿರಿ. ಗ್ರೂಪಿನಲ್ಲಿ ಒಬ್ಬ ಅನುಮಾನ ಎತ್ತಿದ್ದಕ್ಕೆ ಮಧ್ಯಾಹ್ನವಿಡೀ ಜಗಳ ಆಡಿದೆ.

ಸಂಜೆ ಅದನ್ನೇ ಓಣಿಯವರಿಗೆ ತೋರಿಸಿದರೆ, ಪಕ್ಕದ ಮನೆಯ ಹಂಪಕ್ಕ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

"ಯಾಕ ನಗ್ತಿ ಹಂಪಕ್ಕ?"

"ಅಲ್ಲಬೇ, ನಮ್ ಸೊಸಿ ಶಿವಲಕ್ಷ್ಮಿ ಉಸಿರು ದೊಡ್ಡ ಸಭಾದಾಗ ಮೆರದೈತಲ್ಲ, ಅದಕ್ಕ! ಓಣಿ ಮಂದಿ ಹೆಸರಿಗೆಲ್ಲ ಆ ಪೀಪಿ ಊದಿದ್ದು ಅಕಿನ."

ಶಿವಲಕ್ಷ್ಮಿ ಆಗಷ್ಟೇ ಮಡಕಶಿರಾ ಕಡೆಯ ರೊಳ್ಳದಿಂದ ಮದುವೆಯಾಗಿ ಬಂದವಳು. ಹಿಪ್ಪುನೇರಳೆ ತೋಟದಲ್ಲಿ ಬೆಳೆದವಳು, ಅಲ್ಲಿವರೆಗೆ ಹೊಲಿಗೆ ಮೆಷೀನು ಮುಟ್ಟಿರಲೇ ಇಲ್ಲ. ನಮ್ಮಲ್ಲಿ ಕತ್ತರಿಸಿದ ಬಟ್ಟೆಯ ಗಂಟು ಒಬ್ಬಳ ಹೆಸರಿಗೆ ಬರುತ್ತದೆ ಅಕ್ಕ, ಹೊಲಿಯುವವರು ಹಲವರು. ಮೇಸ್ತ್ರಿ ಹೆಸರು ಕೂಗಿದರೆ ಕೈ ಬಿಡುವಾದವಳು ಎದ್ದು "ನಾನಾ ರೀ" ಅನ್ನುತ್ತಾಳೆ. ನಿಮ್ಮ ಅಧ್ಯಯನಕ್ಕೆ ಅಂತ ಬಂದು ನೀವು ನಮ್ಮ ಮನೆಯಲ್ಲಿ ಉಳಿದದ್ದು ಎರಡೇ ದಿನ. ಉಸಿರು ಅಳೆಯುವ ಯಂತ್ರ ಹಿಡಿದು ಆಮೇಲೆ ಬಂದ ನಿಮ್ಮ ಹುಡುಗರಿಗೆ ಯಾರ ಮುಖವೂ ಗೊತ್ತಿರಲಿಲ್ಲ, ನಾನು ಕಾಲೇಜು ಪರೀಕ್ಷೆಗೆ ಅಂತ ಅನಂತಪುರಕ್ಕೆ ಹೋಗಿದ್ದೆ. ಅವರು ಬಾಗಿಲಲ್ಲಿ ಹೆಸರು ಕೂಗಿದರು, ಅಮ್ಮನ ಹೆಸರಿಗೂ ಶಿವಲಕ್ಷ್ಮಿಯೇ ಎದ್ದಳು. ಜೊತೆಗೆ ಎಲ್ಲರಿಗೂ ಭಯ. "ಕಮ್ಮಿ ಊದಿದ್ರ ಹೊನ್ನೂರಪ್ಪ ಗಂಟು ಕೊಡಾಕಿಲ್ಲ" ಅಂತ ಯಾರೋ ಹಬ್ಬಿಸಿದ್ದರಂತೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಹೋದ ವಾರದಿಂದ ನಗು ಬರುತ್ತಿಲ್ಲ. ಎದೆ ಪರೀಕ್ಷೆಯ ವ್ಯಾನು ನಮ್ಮ ಓಣಿಗೆ ಬರಬೇಕಿತ್ತು, ಬರಲಿಲ್ಲ. ಫೋನ್ ಮಾಡಿದರೆ ವ್ಯಾನು ಕಳಿಸುವ ಸಂಸ್ಥೆಯವರು, "ನಿಮ್ಮೂರಾಗೇನೂ ತೊಂದ್ರಿ ಇಲ್ಲಮ್ಮ, ಮೇಡಂ ರಿಪೋರ್ಟ್ ಬಂದೈತಲ್ಲ" ಅಂದರು. ಅಕ್ಕ, ನಾನು ಊರಿಗೆಲ್ಲ ಹಂಚಿದ್ದು ಅದನ್ನೇ ಅಲ್ಲವೇ?

ಅಮ್ಮನಿಗೆ ಈಗ ಮಲಗಿದರೆ ಉಸಿರು ಕಟ್ಟುತ್ತದೆ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ. ಅವಳ ಎದೆಯಿಂದ ಬರುವ ಸದ್ದು ಕೇಳುತ್ತಾ ನಾನು ಎಚ್ಚರ ಇರುತ್ತೇನೆ. ಸದ್ದು ನಿಂತರೆ ಇನ್ನೂ ಭಯ. ನಿಮಗೆ ಬರೆಯುತ್ತೇನೆ ಅಂದರೆ ಬೈದಳು: "ಬ್ಯಾಡ ಹೇಮಿ. ಪಾಪ, ಹೆಣ್ಮಗಳು ಎಷ್ಟ್ ಕಷ್ಟಪಟ್ಟು ಮ್ಯಾಲ ಬಂದಾಳ. ನಾಕ್ ಮಂದ್ಯಾಗ ಅಕಿ ಮಾನ ಕಳೀತಿ ಏನು? ಇತ್ತಾಗ ಗಂಟೂ ಕೈತಪ್ಪಿ ಹೊಕ್ಕಾವು."

ಅವಳು ಒಳಗೆ ಹೋದಾಗ ಇದನ್ನು ಬರೆದೆ. ನಿಮ್ಮ ಮೇಲಿನ ಅಭಿಮಾನ ಒಂದಿಷ್ಟೂ ಕಡಿಮೆಯಾಗಿಲ್ಲ. ನೇಮಕಲ್ಲು ಆಂಜನೇಯ ನಿಮ್ಮನ್ನು ಚೆನ್ನಾಗಿಟ್ಟಿರಲಿ. ಅಮ್ಮ ದಿನಾ ಬೇಡಿಕೊಳ್ಳುವುದೂ ಅದನ್ನೇ.

ನಿಮ್ಮ ತಂಗಿ,
ಹೇಮಾ

ತಾ.ಕ.: ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಅಮ್ಮ ಮೆಷೀನಿನ ಮುಂದೆ ಕೂತು ಬಹಳ ದಿನವಾಯಿತು. ಕಾಲೇಜು ಬಿಟ್ಟು, ಅವಳ ಹೆಸರಿಗೆ, ಎರ್ರಮ್ಮನ ಹೆಸರಿಗೆ, ಈಗ ನಾನೇ ಹೊಲಿಯುತ್ತಿದ್ದೇನೆ. ಮೇಸ್ತ್ರಿ ಬಂದಾಗ ಅಮ್ಮ ಕೆಮ್ಮು ಕೇಳದಂತೆ ಒಳಮನೆಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂರುತ್ತಾಳೆ. ನಿನ್ನೆ ನನಗೆ ಕೆಮ್ಮು ಬಂತು. ಮೂಗು ಒರೆಸಿಕೊಂಡರೆ ಕರ್ಚೀಫಿನ ತುಂಬ ಜೀನ್ಸಿನ ನೀಲಿ ಧೂಳು. ಅಮ್ಮ ಅದನ್ನು ನೋಡಿದಳು, ಗೋಡೆಯ ಕಡೆ ತಿರುಗಿದಳು. ಅಕ್ಕ, ಆ ಸಭೆಯವರ ಮುಂದೆಯೇ ಮತ್ತೆ ನಿಂತು, "ಆ ಉಸಿರು ಎರ್ರಮ್ಮನದಲ್ಲ" ಅನ್ನುವ ಧೈರ್ಯ ನಿಮಗಿದೆಯಾ?