ಬೀಗದ ಮೇಲಿನ ಗೀರುಗಳು

ಶನಿವಾರ, ಅಂಗಡಿಯಿಂದ

ನನ್ನ ಗುಬ್ಬಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನೀನು ಹೇಗಿದ್ದೀಯ? ಅಳಿಯಂದಿರು ಆರೋಗ್ಯವೇ? ನಿಮ್ಮತ್ತೆಯವರ ಮಂಡಿನೋವು ಹತೋಟಿಗೆ ಬಂತೇ, ಇಲ್ಲ ಈಗಲೂ ಮೆಟ್ಟಿಲಿಗೆ ಶಾಪ ಹಾಕುತ್ತಲೇ ಹತ್ತುತ್ತಾರೆಯೇ? ನಿನ್ನ ಮೈದುನ ಈಗ ಎಲ್ಲಿ ಊಟ ಮಾಡುತ್ತಿದ್ದಾನೆ, ಎಲ್ಲಿ ಮಲಗುತ್ತಿದ್ದಾನೆ? ಎಲ್ಲರ ಯೋಗಕ್ಷೇಮ ಕೇಳಿ ಅವನದನ್ನು ಬಿಟ್ಟುಬಿಡಬಹುದಾಗಿದ್ದರೆ ಈ ಕಾಗದ ಬರೆಯುವ ಅಗತ್ಯವೇ ಇರಲಿಲ್ಲ.

ನಾನು ಕ್ಷೇಮ ಅಂತ ಬರೆಯುವುದು ವಾಡಿಕೆ. ಆದರೆ ಒಂದು ವಾರದಿಂದ ಊಟ ಸೇರುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಮೂರನೇ ಮಾತಿಗೆ ಅಳುತ್ತೀಯ, ನಾನು ಐದನೇ ಮಾತಿಗೆ ಸಮಾಧಾನ ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ತಪ್ಪಿದ್ದ ಕಡೆ ಹೊಟ್ಟೆಗೆ ಹಾಕಿಕೊಂಡು ಓದು.

ನಲವತ್ತೆರಡು ವರ್ಷದಿಂದ ಬೀಗ ರಿಪೇರಿ ಮಾಡುತ್ತಿದ್ದೇನೆ. ಒಬ್ಬರ ಬೀಗವನ್ನು ಇನ್ನೊಬ್ಬರಿಗೆ ತೆಗೆದುಕೊಟ್ಟವನಲ್ಲ. ಗಂಡನ ಬೀರು ತೆಗೆಸಲು ಬಂದ ಹೆಂಡತಿಯರನ್ನೂ, ಹೆಂಡತಿಯ ಪೆಟ್ಟಿಗೆ ಹೊತ್ತು ತಂದ ಗಂಡಂದಿರನ್ನೂ "ಇಬ್ಬರೂ ಜೊತೆಗೆ ಬನ್ನಿ" ಅಂತ ವಾಪಸ್ ಕಳಿಸಿದ್ದೇನೆ. ಆದರೆ ಆ ದಿನ ನೀನು ಬಟ್ಟೆಯ ಚೀಲದಲ್ಲಿ ಅಳಿಯಂದಿರ ತಗಡಿನ ಪೆಟ್ಟಿಗೆ ಬಚ್ಚಿಟ್ಟು ತಂದೆ. "ಮಾವ, ಪ್ರತಿ ಗುರುವಾರ ಎರಡು ಗಂಟೆ ತಡ. ಕೇಳಿದರೆ ಆಫೀಸು ಅಂತಾರೆ. ಯಾವಳೋ ಒಬ್ಬಳ ಫೋನು ಬರುತ್ತೆ. ಮೂರು ವರ್ಷದಲ್ಲಿ ಒಂದು ಸಲ ನನ್ನ ಹೆಸರು ಹಿಡಿದು ಕರೆದಿಲ್ಲ. 'ಇಲ್ಲಿ ನೋಡು' ಅಂತಾರೆ. ನಾನೇನು ಬೀದೀಲಿ ಹೋಗೋಳಾ?" ಅಂದೆ. ತಂದೆಯಿಲ್ಲದೆ ನನ್ನ ಕಣ್ಣೆದುರು ಬೆಳೆದ ಹುಡುಗಿ. ತಂತಿ ಕೈಗೆತ್ತಿಕೊಂಡೆ.

ಒಳಗೆ ಇದ್ದದ್ದು ಹನ್ನೊಂದು ನೋಟುಬುಕ್ಕು. ಫೋನು ಮಾಡುತ್ತಿದ್ದ ಆ ಹೆಂಗಸು ಉಗ್ಗು ಬಿಡಿಸುವ ಟೀಚರು. ನಕ್ಷೆ ಬರೆಯುವ ಕೆಲಸ, ಮಿತಭಾಷಿ, ಎಂಥಾ ಗಂಭೀರ ಮನುಷ್ಯ ಅಂತ ನಾವೆಲ್ಲ ಹೊಗಳಿಕೊಂಡು ತಿರುಗಿದೆವಲ್ಲ, ಆ ಅಳಿಯಂದಿರು ಬಾಯಿ ತೆರೆಯಲು ಹೆದರಿ ಸುಮ್ಮನಿರುತ್ತಿದ್ದರು. ಪುಟಗಟ್ಟಲೆ ನಿನ್ನ ಹೆಸರು. ಮೊದಲಕ್ಷರಕ್ಕೆ ಉಸಿರು ಹೇಗೆ ಬಿಡಬೇಕು ಅಂತ ಪಕ್ಕದಲ್ಲಿ ಗುರುತು. ಚಿಕ್ಕಂದಿನಲ್ಲಿ ತಮ್ಮ ತನ್ನನ್ನು ಅಣಕಿಸುತ್ತಿದ್ದ ಅಂತಲೂ ಒಂದು ಕಡೆ ಬರೆದಿತ್ತು. ನೀನೇ ಓದಿ ಹೇಳಿದೆ. ಅಳುತ್ತಲೇ ನಗುತ್ತ, "ಇದನ್ನ ಇಬ್ಬರೂ ಮರೆತುಬಿಡೋಣ ಮಾವ" ಅಂದೆ. ನಾನೂ ತಲೆಯಾಡಿಸಿ ಬೀಗ ಹಾಕಿಕೊಟ್ಟೆ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ.

ಹತ್ತು ದಿನ ಕಳೆದು ಅಳಿಯಂದಿರು ಆಫೀಸಿನ ಕೆಲಸಕ್ಕೆ ಈ ಕಡೆ ಬಂದವರು ಅಂಗಡಿಗೆ ಬಂದರು. ಆ ಬೀಗವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಕೀಲಿಯ ತೂತಿನ ಸುತ್ತ ಗೀರು. "ಇದನ್ನ ಯಾರಾದರೂ ತೆಗೆದಿದ್ದಾರಾ, ನೋಡಿ ಹೇಳಿ ಮಾವ" ಅಂದರು. ನನ್ನದೇ ಗೀರುಗಳನ್ನು ಭೂತಗನ್ನಡಿ ಹಿಡಿದು ನೋಡುವ ನಾಟಕ ಆಡಿದೆ. "ಮನೇಲಿ ಅವಳನ್ನ ಕೇಳಿದಿರಾ?" ಅಂತ ಬೇರೆ ಕೇಳಿದೆ, ನೋಡು ನನ್ನ ಕಪಟ. "ಅವಳು ಮುಟ್ಟಲ್ಲ. ಕೇಳಿದರೆ ಅನುಮಾನಪಟ್ಟ ಹಾಗಾಗುತ್ತೆ" ಅಂದರು. ಅಷ್ಟು ಹೇಳಿ ಮುಗಿಸುವುದರೊಳಗೆ ಹೊರಗೆ ರಸ್ತೆಯಲ್ಲಿ ಎರಡು ಬಸ್ಸು ಹೋದವು.

ಆಗಲಾದರೂ ನಿಜ ಹೇಳಬಹುದಿತ್ತು. ತುಕ್ಕು ಅಂತಲಾದರೂ ಅಂದು ಜಾರಿಕೊಳ್ಳಬಹುದಿತ್ತು. ಆದರೆ ಗುಬ್ಬಿ, ಈ ವರ್ಷದಿಂದ ನನ್ನ ಕೈ ನಡುಗುತ್ತಿದೆ. ಯಾರಿಗೂ ಹೇಳಿಲ್ಲ. ಮೊದಲಾಗಿದ್ದರೆ ಒಂದು ಗೀರೂ ಬೀಳುತ್ತಿರಲಿಲ್ಲ. ಅದು ನನ್ನ ಕೈಕೆಲಸ ಅಂತ ಗೊತ್ತಾಗಬಾರದು ಅನ್ನುವ ಆತುರದಲ್ಲಿ ಹೇಳಿಬಿಟ್ಟೆ: "ತೆಗೆದಿದ್ದಾರೆ. ಕಲಿತ ಕೈ ಅಲ್ಲ. ಯಾವುದೋ ಸ್ಕ್ರೂಡ್ರೈವರ್ ತೂರಿಸಿದ್ದಾರೆ." ಅವರ ಮುಖ ಕಪ್ಪಿಟ್ಟಿತು. ಹೊಸ ಬೀಗ ಒಂದು ಮಾಡಿಡಿ ಅಂತ ಹೇಳಿ ಎದ್ದುಹೋದರು.

ನಿನ್ನ ಮೈದುನ ಸೈಕಲ್ ಶಾಪಿನಲ್ಲಿ ದುಡಿಯುತ್ತಾನೆ, ಅವನ ಜೇಬಿನಲ್ಲಿ ಸದಾ ಸ್ಕ್ರೂಡ್ರೈವರ್ ಇರುತ್ತದೆ ಅನ್ನುವುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಹೊಳೆದಿತ್ತು. ಬಾಯಿ ಬಿಡುವ ಮೊದಲೇ ಹೊಳೆದಿತ್ತು.

ಆಮೇಲೆ ನಿನ್ನ ಕಾಗದ ಬಂತು. "ಅಣ್ಣ ತಮ್ಮಂದಿರಿಗೆ ಜಗಳವಾಗಿ ಮೈದುನ ಮನೆ ಬಿಟ್ಟುಹೋದ. 'ನಾನು ಮುಟ್ಟಿಲ್ಲ ಅಣ್ಣ' ಅಂತ ಎಷ್ಟು ಹೇಳಿದರೂ ಇವರು ನಂಬಲಿಲ್ಲ. ಗುರುವಾರದ ಕ್ಲಾಸನ್ನೂ ಬಿಟ್ಟಿದ್ದಾರೆ. ಸದ್ಯ, ನಮ್ಮ ವಿಷಯ ಹೊರಗೆ ಬರಲಿಲ್ಲ" ಅಂತ ಬರೆದಿದ್ದೆ. ಆ 'ಸದ್ಯ' ಓದಿ ನಿನ್ನ ಮೇಲೆ ಸಿಟ್ಟು ಬಂತು. ಮರುಕ್ಷಣ, ಸಿಟ್ಟು ಮಾಡುವ ಯೋಗ್ಯತೆ ನನಗೆಲ್ಲಿದೆ ಅನ್ನಿಸಿತು. ನಿನ್ನ ಕೈಗೆ ಪೆಟ್ಟಿಗೆ ತೆರೆದುಕೊಟ್ಟವನು ನಾನೇ. ನೀನು ಸುಮ್ಮನಿದ್ದೆ, ಅಷ್ಟೆ. ನಾನು ಸುಳ್ಳು ಹೇಳಿ ಒಬ್ಬ ಹುಡುಗನನ್ನು ಮನೆಯಿಂದ ಆಚೆ ಹಾಕಿಸಿದೆ.

ಅಳಿಯಂದಿರಿಗೆ ನಿಜ ಹೇಳು ಮಗಳೇ. ಬೀಗ ತೆಗೆದದ್ದು ಮಾವ, ಬೊಗಳೆ ಬಿಟ್ಟದ್ದೂ ಮಾವ ಅಂತ ನನ್ನ ಪಾಲನ್ನು ಪೂರ್ತಿ ಹೇಳು, ನನ್ನ ಮರ್ಯಾದೆ ನೋಡಬೇಡ. ನಿನ್ನ ಪಾಲನ್ನು ನೀನೇ ಹೇಳಬೇಕು. ನಾನು ಹೇಳಿದರೆ ನಿನ್ನನ್ನು ಹಿಡಿದುಕೊಟ್ಟ ಹಾಗಾಗುತ್ತದೆ. ಅವರು ಮಾತು ಬಿಡಬಹುದು, ಮುಂಚೆಗಿಂತ ಹೆಚ್ಚು ದಿನ ಬಿಡಬಹುದು. ನಿನ್ನನ್ನು ಮೊದಲಿನ ಹಾಗೆ ನಂಬುತ್ತಾರೆ ಅಂತ ಸುಳ್ಳು ಧೈರ್ಯ ಹೇಳಲಾರೆ. ಸೋಮವಾರ ಮೊದಲ ಬಸ್ಸಿಗೆ ನಾನು ನಿಮ್ಮೂರಿಗೆ ಬರುತ್ತೇನೆ. ನಿಮ್ಮ ಮನೆಗಲ್ಲ, ಸೈಕಲ್ ಶಾಪಿಗೆ. ಆ ಹುಡುಗ ಎಲ್ಲರೆದುರು ಉಗಿದರೂ ನಿಂತು ಕೇಳುತ್ತೇನೆ.

ಇಂತಿ ನಿನಗೆ ಕೆಟ್ಟದ್ದನ್ನು ಕನಸಿನಲ್ಲೂ ಬಯಸದೆ ಕೆಟ್ಟದ್ದನ್ನೇ ಮಾಡಿದ,
ಮಾವ

ಮರೆತದ್ದು: ಮರೆತದ್ದಲ್ಲ, ಈಗ ನಡೆದದ್ದು. ಕಾಗದ ಮಡಿಸುವ ಹೊತ್ತಿಗೆ ಅಳಿಯಂದಿರೇ ಹೊಸ ಬೀಗಕ್ಕಾಗಿ ಬಂದರು. ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದಾರೆ. ನಿನ್ನ ಪಾಲು ನಿನಗೆ ಅಂತ ಮೇಲೆ ಬರೆದವನು, ಹೇಡಿತನದಿಂದ ತೆರೆದ ಲಕೋಟೆಯನ್ನೇ ಅವರ ಮುಂದೆ ಹಿಡಿದು "ಇದರಲ್ಲಿ ನಿಮ್ಮ ವಿಷಯವೂ ಇದೆ, ಓದಿ" ಅಂದೆ. ಕ್ಷಮಿಸು. ಅವರು ಮುಟ್ಟಲಿಲ್ಲ. "ಅವಳಿಗೆ ಬರೆದದ್ದಲ್ವಾ ಮಾವ" ಅಂದು ಗೋಂದಿನ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಇದು ಅವರ ಜೇಬಿನಲ್ಲೇ ನಿನ್ನ ಹತ್ತಿರ ಬರುತ್ತದೆ. ನಿನ್ನ ಮೈದುನ ಮನೆಗೆ ಬಂದ ಅಂತ ಒಂದು ಸಾಲಾದರೂ ಬೇಗ ಬರಿ.