ವೀರಕ್ಕನ ಮೊಣಕೈ

ವೀರಕ್ಕಾ,

ಒಂದೇ ಮನೆಯ ಸೊಸೆಯರಾದರೂ ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ. ರೊಟ್ಟಿ ಬುಟ್ಟಿಯ ಮೇಲೆ ಈ ಚೀಟಿ ಇಟ್ಟು ಶಾಲೆಗೆ ಹೊರಟಿದ್ದೇನೆ.

ಪಾಠ ಮಾಡುತ್ತಲೇ ತೂಕಡಿಸುತ್ತೇನೆಂದು ಹುಬ್ಬಳ್ಳಿಗೆ ಹೋದರೆ, ಒಂದು ರಾತ್ರಿ ಆಸ್ಪತ್ರೆಯಲ್ಲೇ ಮಲಗಿಸಿಕೊಂಡರು. ನರ್ಸಬಾಯಿ ಗಡಿಯಾರ ಹಿಡಿದು ಪಕ್ಕದಲ್ಲಿ ಕುಳಿತಿದ್ದಳು. ನಿದ್ದೆಯಲ್ಲಿ ನನ್ನ ಉಸಿರು ಆಗಾಗ ನಿಂತೇ ಹೋಗುತ್ತದಂತೆ! ಇದನ್ನು ನೋಡಿದ್ದೀರಾ ಎಂದು ಡಾಕ್ಟರು ನಮ್ಮವರನ್ನು ಕೇಳಿದರೆ, "ನನಗೇನ್ ಗೊತ್ರಿ, ನಾವು ಗಂಡಸರು ಪಡಸಾಲ್ಯಾಗ ಮಲಗತೇವಿ" ಎಂದರು.

"ಹಂಗಾರ ಇವರ ಬಾಜೂಕ ಯಾರು ಮಲಗತಾರ? ಅವರು ಎಬ್ಬಿಸತಿರಬೇಕಲ್ಲ?" ಎಂದರು ಡಾಕ್ಟರು.

ಆಗ ನಿನ್ನ ಮೊಣಕೈ ನೆನಪಾಯಿತು. ದಿನಾ ರಾತ್ರಿ ನೀನು ಮೊಣಕೈಯಿಂದ ಪಕ್ಕೆಗೆ ತಿವಿಯುತ್ತಿದ್ದದ್ದು ಅದಕ್ಕಾ ಅಕ್ಕಾ? "ಸತ್ತವರಂಗ ಬೀಳ್ತಿ, ನನ್ನ ಎದಿ ಒಡೀತೈತಿ" ಎಂದು ನೀನು ಹೇಳಿಯೂ ಇದ್ದೆ. ಶಾಪ ಹಾಕುತ್ತೀ ಎಂದು ಕೂಗಾಡಿ, ನಿನ್ನ ಹಾಸಿಗೆ ಅಡುಗೆಮನೆಗೆ ಎಸೆದವಳು ನಾನು. ಆಮೇಲೆ ಮೂರು ತಿಂಗಳು ನನ್ನನ್ನು ಎಬ್ಬಿಸಿದವರೇ ಇಲ್ಲ.

ಬ್ಯಾನಿ ಇನ್ನೂ ಸಣ್ಣದಂತೆ, ಗಾಬರಿಯಾಗಬೇಡ. ಮೈ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು. ನನ್ನ ಪಾಲಿನ ತುಪ್ಪ ಅತ್ತೆಗೆ ಬಡಿಸು. ಗೂಟದಲ್ಲಿರುವ ಹಳೆಯ ಕುಪ್ಪಸದ ಬೆನ್ನಿಗೆ ಕಿಸೆ ಹಚ್ಚಿ, ಗೋಡೆಯ ಮಾಡದಲ್ಲಿರುವ ರಬ್ಬರ್ ಚೆಂಡನ್ನು ಒಳಗಿಟ್ಟು ಹೊಲಿ. ಅಂಗಾತ ಹೊರಳಿದರೆ ಅದು ಒತ್ತಿ ಎಚ್ಚರವಾಗಬೇಕಂತೆ. ನಿನ್ನ ಹೊಲಿಗೆಯಷ್ಟು ಗಟ್ಟಿ ನನಗೆ ಬರುವುದಿಲ್ಲ.

ಆದರೂ ಚೆಂಡನ್ನು ನಂಬಿ ಮಲಗಲು ನನಗೆ ಹೆದರಿಕೆ. ನಿನ್ನ ಹಾಸಿಗೆಯನ್ನು ನಾನೇ ತಂದು ನನ್ನದರ ಪಕ್ಕಕ್ಕೆ ಹಾಸಿದ್ದೇನೆ. ನನ್ನ ಜೊತೆ ಮಾತಾಡದಿದ್ದರೂ ಸರಿ, ಅದನ್ನು ಮಾತ್ರ ಎತ್ತಬೇಡ.

ಸರೋಜ